ಹೀಟ್ ಪಂಪ್ ಕೊಟೇಶನ್ನಿನಲ್ಲಿ ವಾಲ್ವಿಗೂ ಒಂದು ಸಾಲು ಇರಲಿ

ಮಾನ್ಯರೆ,

ದಾವಣಗೆರೆ, ಚಿತ್ರದುರ್ಗದ ಹಾಸ್ಟೆಲ್, ಲಾಡ್ಜ್, ನರ್ಸಿಂಗ್ ಹೋಂಗಳಲ್ಲಿ ಬಿಸಿನೀರಿಗೆಂದು, ಗಾಳಿಯ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪ್ ಹಾಕಿಸುವವರು ಕೊಟೇಶನ್ ತರಿಸಿದಾಗ ಟ್ಯಾಂಕ್ ಎಷ್ಟು ಲೀಟರ್, ಕಂಪ್ರೆಸರ್ ಯಾವ ಕಂಪನಿಯದು ಎಂದು ನೋಡುತ್ತಾರೆ. ಯಂತ್ರದೊಳಗೆ ಸುತ್ತುತ್ತ ಶಾಖ ಹೊರುವ ಗ್ಯಾಸಿನ ಹರಿವನ್ನು ಹಿಡಿತದಲ್ಲಿಡುವ ಎಕ್ಸ್‌ಪಾನ್ಶನ್ ವಾಲ್ವ್ ಯಾವುದು ಎಂದು ಯಾರೂ ಕೇಳುವುದಿಲ್ಲ. ಕಂಪ್ರೆಸರ್‌ನ ಆಯಸ್ಸು ನಿಂತಿರುವುದು ಆ ಸಣ್ಣ ಭಾಗದ ಮೇಲೆ.

ಅಗ್ಗದ ಯಂತ್ರಗಳಲ್ಲಿ ವಾಲ್ವಿನ ಬದಲು ಕ್ಯಾಪಿಲರಿ ಕೊಳವೆ ಇರುತ್ತದೆ. ಅದರ ರಂಧ್ರ ಹಿಗ್ಗದು, ಕುಗ್ಗದು. ಆರ್-134ಎ ಗ್ಯಾಸಿನ ಯಂತ್ರದಲ್ಲಿ ಟ್ಯಾಂಕಿನ ನೀರು ತಣ್ಣಗಿದ್ದು, ಗ್ಯಾಸ್ ನೀರಿಗೆ ಶಾಖ ಕೊಟ್ಟು ದ್ರವವಾಗುವ ಕಂಡೆನ್ಸರ್ 30 ಡಿಗ್ರಿಯಲ್ಲಿರುವಾಗ ಅಲ್ಲಿನ ಒತ್ತಡ (ವಾತಾವರಣದ ಒತ್ತಡವೂ ಸೇರಿ) ಸುಮಾರು 7.7 ಬಾರ್. ನೀರು ಕಾದು ಕಂಡೆನ್ಸರ್ 60 ಡಿಗ್ರಿ ಮುಟ್ಟುವಾಗ 16.8 ಬಾರ್. ಒಂದು ಟ್ಯಾಂಕ್ ನೀರು ಕಾಯುವಷ್ಟರಲ್ಲೇ ಒತ್ತಡ ಎರಡು ಪಟ್ಟು ದಾಟುತ್ತದೆ. ಅದರ ಮೇಲೆ ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲು ಬೇರೆ, ಡಿಸೆಂಬರ್ ಬೆಳಗಿನ ಜಾವದ ಚಳಿ ಬೇರೆ. ಇಷ್ಟನ್ನೆಲ್ಲ ಒಂದೇ ಅಳತೆಯ ಕೊಳವೆ ನಿಭಾಯಿಸಲಾರದು.

ಎಲೆಕ್ಟ್ರಾನಿಕ್ ವಾಲ್ವಿನಲ್ಲಿ ಸೂಜಿಯೊಂದು ರಂಧ್ರದೊಳಗೆ ಏರಿಳಿಯುತ್ತದೆ. ಸೂಜಿಯನ್ನು ತಿರುಗಿಸುವ ಅಯಸ್ಕಾಂತದ ರೋಟರ್ ಮುಚ್ಚಿದ ಕೊಳವೆಯ ಒಳಗೆ, 12 ವೋಲ್ಟ್ ಕಾಯಿಲ್ ಹೊರಗೆ. ರೋಟರ್ ತಿರುಗುವುದು ಸಣ್ಣ ಸಣ್ಣ ಹೆಜ್ಜೆಗಳಲ್ಲಿ; ಪೂರ್ತಿ ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆಯಲು ಸಾಮಾನ್ಯವಾಗಿ 500 ಹೆಜ್ಜೆ. ಹೀಗಾಗಿ ದೊಡ್ಡ ವಾಲ್ವ್ ಹಾಕಿದರೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಸರಿಯಾದ ಅಳತೆಯ ವಾಲ್ವ್ 300ನೇ ಹೆಜ್ಜೆಯ ಆಸುಪಾಸಿನಲ್ಲಿ ಕೆಲಸ ಮಾಡುತ್ತಿದ್ದರೆ ಒಂದು ಹೆಜ್ಜೆಗೆ ಹರಿವು ಬದಲಾಗುವುದು ಸುಮಾರು ಶೇ 0.3ರಷ್ಟು. ಅತಿ ದೊಡ್ಡದನ್ನು ಹಾಕಿ ಅದು 50ನೇ ಹೆಜ್ಜೆಯಲ್ಲೇ ತಿಣುಕುತ್ತಿದ್ದರೆ ಒಂದು ಹೆಜ್ಜೆಗೆ ಶೇ 2. ಆಗ ನಿಯಂತ್ರಕ ಒಮ್ಮೆ ಹೆಚ್ಚು ತೆರೆದು, ಒಮ್ಮೆ ಹೆಚ್ಚು ಮುಚ್ಚಿ ತೂಗಾಡುತ್ತಲೇ ಇರುತ್ತದೆ.

ಹೆಜ್ಜೆ ನಿರ್ಧರಿಸಲು ಬೇಕಾದ ಅಳತೆ ಸೂಪರ್‌ಹೀಟ್, ಅಂದರೆ ಗ್ಯಾಸ್ ತನ್ನ ಕುದಿಬಿಂದುವಿಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಿದೆ ಎಂಬುದು. ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಸಕ್ಷನ್ ಕಡೆಯ ಗೇಜಿನಲ್ಲಿ 35 ಪಿಎಸ್‌ಐ ಇದ್ದರೆ ಆರ್-134ಎ ಕುದಿಯುತ್ತಿರುವುದು ಸುಮಾರು 4.5 ಡಿಗ್ರಿಯಲ್ಲಿ. ಸಕ್ಷನ್ ಪೈಪು 10.5 ಡಿಗ್ರಿ ತೋರಿಸಿದರೆ ಸೂಪರ್‌ಹೀಟ್ 6. ಐದರಿಂದ ಎಂಟರ ನಡುವೆ ಇದ್ದರೆ ಸಾಕು. ಎರಡಕ್ಕೆ ಇಳಿದರೆ ದ್ರವ ಕಂಪ್ರೆಸರ್‌ಗೆ ನುಗ್ಗುವ ಭಯ, ಹದಿನೈದಕ್ಕೆ ಏರಿದರೆ, ದ್ರವ ಕುದಿದು ಗ್ಯಾಸಾಗುವ ಇವ್ಯಾಪರೇಟರ್‌ನ ಸಾಕಷ್ಟು ಭಾಗ ದಂಡ. ಅಳೆಯುವ ಸೆನ್ಸರನ್ನು ಕೇಬಲ್ ಟೈನಲ್ಲಿ ಬಿಗಿದು ಗಾಳಿಗೆ ಬಿಟ್ಟರೆ ಅದು ಪೈಪಿನ ಬದಲು ತಾರಸಿಯ ಬಿಸಿಯನ್ನು ಹೇಳುತ್ತದೆ, ವಾಲ್ವ್ ಅದನ್ನೇ ನಂಬಿ ತೆರೆದುಕೊಳ್ಳುತ್ತದೆ. ಪೈಪನ್ನು ಉಜ್ಜಿ, ಥರ್ಮಲ್ ಪೇಸ್ಟ್ ಹಚ್ಚಿ, ಲೋಹದ ಕ್ಲ್ಯಾಂಪ್ ಹಾಕಿ, ಮೇಲೆ ಇನ್ಸುಲೇಶನ್ ಸುತ್ತಬೇಕು. ಪೈಪಿನ ತಳಭಾಗದಲ್ಲಿ ಎಣ್ಣೆ ಹರಿಯುವುದರಿಂದ ಅಲ್ಲಿ ಕೂರಿಸಬಾರದು.

ಕರೆಂಟು ಹೋಗಿ ಬರುವ ನಮ್ಮ ಕಡೆ ಇನ್ನೊಂದು ತೊಂದರೆಯಿದೆ. ಕರೆಂಟು ಹೋದಾಗ ಈ ವಾಲ್ವ್ ಇದ್ದಲ್ಲೇ ನಿಲ್ಲುತ್ತದೆ, ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ತೆರೆದ ದಾರಿಯಲ್ಲಿ ದ್ರವ ಇವ್ಯಾಪರೇಟರ್‌ಗೆ ಇಳಿದು ಕೂರುತ್ತದೆ. ಕರೆಂಟು ಬಂದೊಡನೆ ಕಂಪ್ರೆಸರ್ ಅದನ್ನೇ ಎಳೆದುಕೊಂಡು ಎಣ್ಣೆ ನೊರೆಗಟ್ಟುತ್ತದೆ, ಬೇರಿಂಗ್ ಒಣಗುತ್ತದೆ. ಇದಕ್ಕೆ ಕಂಡೆನ್ಸರ್‌ನಿಂದ ದ್ರವ ಬರುವ ಲಿಕ್ವಿಡ್ ಲೈನಿನಲ್ಲಿ, ಕರೆಂಟು ಹೋದೊಡನೆ ತಾನೇ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ ಇರಬೇಕು, ಇಲ್ಲವೇ ಕರೆಂಟು ಹೋದ ಮೇಲೂ ವಾಲ್ವನ್ನು ಮುಚ್ಚುವಷ್ಟು ವಿದ್ಯುತ್ ಕೂಡಿಡುವ ಸೂಪರ್ ಕೆಪಾಸಿಟರ್ ನಿಯಂತ್ರಕದಲ್ಲಿ ಇರಬೇಕು. ಸೆಕೆಂಡಿಗೆ 40 ಹೆಜ್ಜೆಯಂತೆ 500 ಹೆಜ್ಜೆಗೆ 12.5 ಸೆಕೆಂಡು. ಕಾಯಿಲ್ 6 ವ್ಯಾಟ್ ಎಳೆದರೆ 75 ಜೂಲ್ ಸಾಕು. ದೊಡ್ಡ ಖರ್ಚಿನ ಮಾತಲ್ಲ. ಕರೆಂಟು ಬಂದ ಮೇಲೆ ನಿಯಂತ್ರಕ ಮೊದಲು 550 ಹೆಜ್ಜೆಯಷ್ಟು ಮುಚ್ಚುವ ಕಡೆಗೆ ತಿರುಗಿಸಿ ಸೊನ್ನೆಯನ್ನು ಗುರುತಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಪರದೆಯ ಮೇಲಿನ ಹೆಜ್ಜೆಯ ಸಂಖ್ಯೆಗೂ ಒಳಗಿನ ಸೂಜಿಗೂ ಸಂಬಂಧವೇ ಇರುವುದಿಲ್ಲ.

ವಾಲ್ವ್ ಬದಲಿಸುವ ಮೆಕಾನಿಕ್‌ಗಳಲ್ಲಿ ವಿನಂತಿ: ಬ್ರೇಜಿಂಗ್‌ಗೆ (ಪೈಪಿನ ಬೆಸುಗೆಗೆ) ಮುಂಚೆ ಕಾಯಿಲ್ ಕಳಚಿ, ವಾಲ್ವಿನ ಮೈಗೆ ಒದ್ದೆ ಬಟ್ಟೆ ಸುತ್ತಿ. ಪೈಪಿನೊಳಗೆ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಲಿ. ಹರಿಸದಿದ್ದರೆ ಒಳಗೆ ಕಟ್ಟುವ ಕಪ್ಪು ಹೊಟ್ಟು ಉದುರಿ ಸೂಜಿಯ ಬಾಯಿಗೇ ಬಂದು ಸಿಕ್ಕಿಕೊಳ್ಳುತ್ತದೆ. ವ್ಯಾಕ್ಯೂಮ್ ಎಳೆಯುವಾಗ ವಾಲ್ವ್ ತೆರೆದಿರಲಿ, ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಹೊಸದಿರಲಿ.

ಸೂಜಿ ಮುಚ್ಚಿದ ಕಡೆ ಸಿಕ್ಕಿಕೊಂಡಾಗಲೂ ಸಕ್ಷನ್ ಒತ್ತಡ ಬೀಳುತ್ತದೆ, ಗ್ಯಾಸ್ ಸೋರಿದಾಗಲೂ ಬೀಳುತ್ತದೆ. ಗೇಜು ನೋಡಿ "ಗ್ಯಾಸ್ ಕಮ್ಮಿ" ಎಂದು ತುಂಬಿಬಿಡುವುದು ದೊಡ್ಡ ತಪ್ಪು. ಕಂಡೆನ್ಸರ್‌ನಿಂದ ಹೊರಬರುವ ಪೈಪನ್ನು ಅಳೆಯಿರಿ. ಸಬ್‌ಕೂಲಿಂಗ್ (ದ್ರವವಾಗುವ ಬಿಂದುವಿಗಿಂತ ಎಷ್ಟು ಡಿಗ್ರಿ ತಣ್ಣಗಿದೆ ಎಂಬುದು) ಜಾಸ್ತಿಯಿದ್ದರೆ ದ್ರವ ಹಿಂದೆ ಕಟ್ಟಿಕೊಂಡಿದೆ, ದೋಷ ವಾಲ್ವಿನದು ಅಥವಾ ಡ್ರೈಯರ್‌ನದು. ಕಡಿಮೆಯಿದ್ದರಷ್ಟೇ ಗ್ಯಾಸ್ ಕೊರತೆ. ಕೊಳವೆಬಾವಿಯ ಗಡಸು ನೀರಿನಿಂದ ಕಂಡೆನ್ಸರ್ ಪದರಗಟ್ಟಿ ಒತ್ತಡ ಏರಿದ್ದರೆ ಅದನ್ನು ಯಾವ ವಾಲ್ವೂ ಸರಿಪಡಿಸದು, ಡೀಸ್ಕೇಲ್ ಮಾಡಿಸಲೇಬೇಕು.

ಹಾಸ್ಟೆಲ್‌ಗಳ ಟೆಂಡರ್ ಬರೆಯುವ ಅಧಿಕಾರಿಗಳು ವಾಲ್ವಿನ ಅಳತೆ, ಕರೆಂಟು ಹೋದಾಗ ಮುಚ್ಚುವ ವ್ಯವಸ್ಥೆ, ಸೆನ್ಸರ್ ಕೂರಿಸುವ ವಿಧಾನ ಈ ಮೂರನ್ನೂ ಷರತ್ತಿನಲ್ಲಿ ಸೇರಿಸಬೇಕು. ಯಂತ್ರ ವಹಿಸಿಕೊಳ್ಳುವಾಗ ಬೆಳಗಿನ ಜಾವ ಐದಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಸೂಪರ್‌ಹೀಟ್ ಮತ್ತು ವಾಲ್ವಿನ ಹೆಜ್ಜೆ ಬರೆಸಿಕೊಂಡು, ಗುತ್ತಿಗೆದಾರರ ಸಹಿ ಪಡೆದ ಮೇಲೆಯೇ ಬಿಲ್ ಪಾಸು ಮಾಡಲಿ.

– ಶೈತ್ಯೀಕರಣ ಎಂಜಿನಿಯರ್, ದಾವಣಗೆರೆ