ಕಾದಿಸ್: ಹಡಗುಗಳೇ ಬೆಳೆಸಿದ ಊರು

ಪ್ರಿಯ ರಾಘು,

ಕಾದಿಸ್ ಅಷ್ಟು ಹಳೆಯ ಊರು ಅಂತೀಯ, ಮತ್ತೆ ಯಾಕಿಷ್ಟು ಚಿಕ್ಕದು ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಒಮ್ಮೆ ಭೂಪಟ ತೆಗೆದು ನೋಡು. ಸ್ಪೇನಿನ ದಕ್ಷಿಣದಲ್ಲಿ, ಅಟ್ಲಾಂಟಿಕ್ ಕಡೆಗೆ ಚಾಚಿಕೊಂಡ ಸಣ್ಣ ನೆಲದ ಪಟ್ಟಿ ಕಾಣುತ್ತದೆ. ಅದರ ತುದಿಯಲ್ಲಿ ಹಳೇ ಊರು. ಮೂರು ಕಡೆಯೂ ನೀರು. ಈಗಿನ ಲೆಬನಾನಿನ ಟೈರ್ ಪಟ್ಟಣದಿಂದ ಫಿನೀಷಿಯನ್ ವ್ಯಾಪಾರಿಗಳು ಬಂದಾಗ ಇಲ್ಲಿದ್ದದ್ದು ದ್ವೀಪಗಳು. ಅವರು ಬಂದದ್ದು ಕ್ರಿ.ಪೂ. 1100ರ ಸುಮಾರಿಗೆ ಅಂತ ಹಳೆಯವರು ಬರೆದಿಟ್ಟಿದ್ದಾರೆ. ಉತ್ಖನನದಲ್ಲಿ ಸಿಕ್ಕಿದ್ದು ಅದಕ್ಕಿಂತ ಎರಡು ಮೂರು ಶತಮಾನ ಈಚಿನದು. ಹಾಗಿದ್ದರೂ ಪಶ್ಚಿಮ ಯುರೋಪಿನಲ್ಲಿ ಜನ ಬಿಡದೆ ಬಾಳಿಕೊಂಡು ಬಂದ ಇಷ್ಟು ಹಳೆಯ ಊರುಗಳು ತೀರಾ ಅಪರೂಪ.

ನಿನ್ನ ಪ್ರಶ್ನೆ ಎರಡು ಸಾವಿರ ವರ್ಷದ ಹಿಂದೆ ಸ್ಟ್ರಾಬೋಗೂ ಬಂದಿತ್ತು ಕಣೋ! ಈ ಗ್ರೀಕ್ ಭೂಗೋಳಕಾರ ಬರೆಯುತ್ತಾನೆ: ಇವರ ದ್ವೀಪ ದೊಡ್ಡದಲ್ಲ, ಆಚೆ ದಡದಲ್ಲೂ ಹೆಚ್ಚು ಜಾಗವಿಲ್ಲ, ಆದರೂ ಜನಸಂಖ್ಯೆಯಲ್ಲಿ ರೋಮ್ ಬಿಟ್ಟರೆ ಬೇರೆ ಯಾವ ಊರಿಗೂ ಕಡಿಮೆಯಿಲ್ಲ, ಯಾಕೆಂದರೆ ಹೆಚ್ಚಿನವರು ಇರುವುದೇ ಸಮುದ್ರದ ಮೇಲೆ. ಒಂದು ಗಣತಿಯಲ್ಲಿ ಇಲ್ಲಿ ರೋಮನ್ನರ ಸಿರಿವಂತ ಅಶ್ವಾರೋಹಿ ವರ್ಗದ 500 ಜನ ಸಿಕ್ಕಿದ್ದರಂತೆ. ಇಟಲಿಯಲ್ಲಿ ಕೂಡ ಪಾದುವಾ ಒಂದರಲ್ಲೇ ಅಷ್ಟು ಮಂದಿ ಇದ್ದದ್ದು. ಈ ಮಾತು ಓದಿದ ಮೇಲೆ ನನಗೆ ಇಡೀ ಊರಿನ ಕತೆ ತಿಳಿಯಾಯಿತು. ಇಲ್ಲಿ ಎಷ್ಟು ಜನ ಬದುಕಬಹುದು ಅನ್ನೋದನ್ನು ನೆಲ ಯಾವತ್ತೂ ತೀರ್ಮಾನಿಸಿಲ್ಲ. ತೀರ್ಮಾನಿಸಿದ್ದು ಹಡಗುಗಳು.

ನಡುವಿನ ಕಾಲವನ್ನು ಬೇಗ ದಾಟುತ್ತೇನೆ. ಅರಬರ ಆಳ್ವಿಕೆ ಬಂತು, 13ನೇ ಶತಮಾನದಲ್ಲಿ ಕ್ಯಾಸ್ಟೀಲಿನ ದೊರೆ ಹತ್ತನೇ ಅಲ್ಫೊನ್ಸೊ ಗೆದ್ದ. 1596ರಲ್ಲಿ ಇಂಗ್ಲಿಷರು, ಡಚ್ಚರು ಸೇರಿ ಊರನ್ನು ದೋಚಿ ಸುಟ್ಟರು.

ಮತ್ತೆ ಸುದಿನ ಬಂದದ್ದು 1717ರಲ್ಲಿ. ಅಮೆರಿಕ ಖಂಡದ ತನ್ನ ವಸಾಹತುಗಳ ಜೊತೆ ಸ್ಪೇನ್ ನಡೆಸುತ್ತಿದ್ದ ವ್ಯಾಪಾರ ನೋಡಿಕೊಳ್ಳುವ ಸರ್ಕಾರಿ ಕಚೇರಿಯನ್ನು ಸೆವಿಲ್ಲಾದಿಂದ ಇಲ್ಲಿಗೆ ತಂದರು. ದುಡ್ಡು ಹರಿಯಿತು. ಜಿನೋವಾದವರು, ಫ್ರೆಂಚರು, ಐರಿಷರು ಬಂದು ನೆಲೆಸಿದರು. ಜಾಗವಿಲ್ಲದ್ದಕ್ಕೆ ಮನೆಗಳು ಮೇಲಕ್ಕೆ ಬೆಳೆದವು. ಕೆಳಗೆ ಗೋದಾಮು, ಮೇಲೆ ಕಚೇರಿ, ಅದರ ಮೇಲೆ ವಾಸ, ತಾರಸಿಯಲ್ಲಿ ಗೋಪುರ. ತಮ್ಮ ಹಡಗು ಬಂತಾ ಅಂತ ನೋಡಲು ವರ್ತಕರು ಕಟ್ಟಿಸಿಕೊಂಡವು ಅವು. 120ಕ್ಕೂ ಹೆಚ್ಚು ಗೋಪುರಗಳು ಇವತ್ತಿಗೂ ನಿಂತಿವೆ. ಆ ಶತಮಾನದ ಕೊನೆಗೆ ಇಷ್ಟೇ ಜಾಗದಲ್ಲಿ ಸುಮಾರು 70 ಸಾವಿರ ಜನ!

ನೆಪೋಲಿಯನ್ನನ ಸೇನೆ ಮುತ್ತಿಗೆ ಹಾಕಿದಾಗಲೂ ಊರು ಶರಣಾಗಲಿಲ್ಲ. ಆ ಮುತ್ತಿಗೆಯ ನಡುವೆಯೇ, 1812ರ ಮಾರ್ಚ್ 19ರಂದು, ಇಲ್ಲಿ ಸ್ಪೇನಿನ ಸಂವಿಧಾನ ಹೊರಬಂತು. ಅಮೆರಿಕದ ಆ ವಸಾಹತುಗಳ ಪ್ರತಿನಿಧಿಗಳೂ ಅದನ್ನು ರೂಪಿಸಿದ ಸಭೆಯಲ್ಲಿ ಕೂತಿದ್ದರು. ಸ್ವಲ್ಪ ವರ್ಷಗಳಲ್ಲೇ ಆ ವಸಾಹತುಗಳು ಸ್ಪೇನಿನ ಕೈತಪ್ಪಿದವು, ಜೊತೆಗೆ ವ್ಯಾಪಾರವೂ ಹೋಯಿತು.

ಆಮೇಲೆ ಊರಿಗೆ ಅನ್ನ ಕೊಟ್ಟದ್ದು ಹಡಗು ಕಟ್ಟುವ ಕಾರ್ಖಾನೆಗಳು. 1980ರ ದಶಕದಲ್ಲಿ ಅಲ್ಲೂ ಕೆಲಸ ಕಡಿಮೆಯಾಯಿತು. ಆಗ ಒಂದೂವರೆ ಲಕ್ಷ ದಾಟಿದ್ದ ಜನಸಂಖ್ಯೆ ಈಗ ಸುಮಾರು 1.1 ಲಕ್ಷಕ್ಕೆ ಇಳಿದಿದೆ. ಪ್ರಾಂತ್ಯದಲ್ಲಿ 12 ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ, ಆದರೆ ಅದರ ರಾಜಧಾನಿಯಾದ ಕಾದಿಸ್‌ಗಿಂತ ಹೆರೆಸ್, ಅಲ್ಹೆಸಿರಾಸ್ ದೊಡ್ಡವು. ಇಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಹೊಸದಾಗಿ ಮದುವೆಯಾದವರು ಕೈಗೆಟುಕುವ ಮನೆ ಹುಡುಕಿಕೊಂಡು ಹತ್ತಿರದ ಚಿಕ್ಲಾನಾ, ಪುಯೆರ್ತೊ ರೆಯಾಲ್ ಕಡೆ ಹೋಗುತ್ತಾರೆ.

ಕಾದಿಸ್ ಕೊಲ್ಲಿಯ ಸುತ್ತಲಿನ ಊರುಗಳನ್ನೆಲ್ಲ ಒಂದೇ ಅಂತ ಎಣಿಸು, ಆಗ 4 ಲಕ್ಷ ದಾಟುತ್ತದೆ ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಲೆಕ್ಕ ಸರಿಯೇ. 2015ರಲ್ಲಿ ಎರಡನೇ ದೊಡ್ಡ ಸೇತುವೆ ತೆರೆದ ಮೇಲೆ ಆಚೆ ದಡ ಹತ್ತಿರವೂ ಆಗಿದೆ. ಆದರೆ ನನಗೆ ಆ ಸಮಾಧಾನ ಸಾಲದು ಕಣೋ. ವರ್ತಕರ ಆ ಹಳೇ ಮನೆಗಳು ಒಂದೊಂದಾಗಿ ಪ್ರವಾಸಿಗರ ಬಾಡಿಗೆ ಫ್ಲಾಟ್‌ಗಳಾಗುತ್ತಿವೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಬಾಡಿಗೆ ಕಟ್ಟಲು ಆಗುತ್ತಿಲ್ಲ. ಇದನ್ನು ತಡೆಯಬೇಕಾದದ್ದು ಈಗಲೇ, ಅಲ್ವಾ?

ನಿನಗೇನು ಅನಿಸುತ್ತದೆ, ಬರಿ.

ನಿನ್ನ,
ಶ್ರೀಧರ