ನೆಲಕ್ಕೆ ಬಿದ್ದ ಮಿಡಿ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಮನೆಗೆ ಬಂದಾಗ ಕೇಳಿದ್ದಕ್ಕೆ ನಾನು ನಕ್ಕು ಸುಮ್ಮನಾದೆ. "ಅಲ್ಲ ಮಾರಾಯ, ಪೆನ್ಸಿಲ್ ಡಬ್ಬಿ ಓರೆಯಾಗಿ ಇಟ್ಟಿದ್ದಕ್ಕೆ ಆ ಮಗೂನ ಅಷ್ಟು ಬೈಯೋದಾ?" ಅಂದೆ ನೀನು. ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಿನ್ನ ಕಾಫಿ ಲೋಟದ ಕೆಳಗೆ ಟೀಪಾಯಿ ಮೇಲೆ ಒಂದು ಒದ್ದೆ ಉಂಗುರ ಬಿದ್ದಿತ್ತು. ನೀನು ಮಾತಾಡುತ್ತಿದ್ದಷ್ಟು ಹೊತ್ತೂ ನಾನು ನೋಡುತ್ತಿದ್ದದ್ದು ಅದನ್ನೇ. ಒರೆಸೋಕೆ ಕೈ ತುರಿಸುತ್ತಿತ್ತು.

ಈ ಚಾಳಿ ನನಗೆ ಅಮ್ಮನಿಂದ ಬಂದದ್ದು. ಅಮ್ಮನಿಗೂ ಮೊದಲು ಇರಲಿಲ್ಲ.

ನೀನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸಾಗರದ ಮನೆಗೆ ಎಷ್ಟು ಸಲ ಬಂದಿದ್ದೀಯ. ಅಡುಗೆಮನೆ ನೆನಪಿದೆಯಾ? ಒಲೆ ಪಕ್ಕ ಗರಟೆ ರಾಶಿ, ಕಿಟಕಿಯಲ್ಲಿ ಹಳೇ ಪೇಪರು, ಅದರ ಮೇಲೆ ಮಲಗಿದ ಬೆಕ್ಕು. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಅಂತ ಅಮ್ಮ ನಮ್ಮನ್ನೇ ಕೇಳುತ್ತಿದ್ದಳು. ಎರಡು ಸಲ ಬಿದ್ದಿದ್ದರೆ ತಾನೇ ನಗುತ್ತಿದ್ದಳು. ಆಮೇಲೆ ನಿಮ್ಮಪ್ಪನಿಗೆ ವರ್ಗ ಆಯಿತು, ನೀವು ದಾವಣಗೆರೆಗೆ ಹೋದಿರಿ. ತಮ್ಮ ತೀರಿಕೊಂಡದ್ದು ನಿನಗೆ ಗೊತ್ತು. ಹೇಗೆ ಅನ್ನೋದನ್ನ ನಾನು ಸರಿಯಾಗಿ ಹೇಳಿರಲಿಲ್ಲ, ಅಲ್ವಾ?

2019ರ ಜನವರಿ. ಆ ವರ್ಷ ನಮ್ಮ ತಾಲೂಕಿನಲ್ಲಿ, ಅರಳಗೋಡು ಕಡೆ, ಮಂಗನ ಕಾಯಿಲೆ ಜೋರಾಗಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ, ಅಜ್ಜನ ಕಾಲದಿಂದ ಕೇಳಿದ್ದೇ. ಹರಡುವುದು ಉಣುಗಿನಿಂದ. ಮನುಷ್ಯರನ್ನು ಕಚ್ಚುವ ಮರಿ ಉಣುಗು ಸಾಸಿವೆ ಕಾಳಿಗಿಂತ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಉಣುಗು ಹತ್ತದ ಹಾಗೆ, ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ ಅಂತ ಆರೋಗ್ಯ ಇಲಾಖೆಯವರು ಡಿಎಂಪಿ ಎಣ್ಣೆ ಕೊಟ್ಟುಹೋಗಿದ್ದರು. ಅಂಟಂಟು, ವಾಸನೆ ಬೇರೆ. ತಮ್ಮನಿಗೆ ಆಗುತ್ತಿರಲಿಲ್ಲ.

ಕೊಟ್ಟಿಗೆಯಲ್ಲಿ ದರಕು ಮುಗಿದಿತ್ತು. ದನದ ಕಾಲಡಿಗೆ ಹಾಸುವ ಒಣ ಎಲೆ. ನಾಳೆ ಆಳು ಬರ್ತಾರೆ, ಅವರೇ ತರಲಿ ಅಂದರಂತೆ ಅಪ್ಪ. ಅಮ್ಮ ಕೇಳಲಿಲ್ಲ. "ರಾತ್ರಿ ದನ ಒದ್ದೆಯಲ್ಲಿ ಮಲಗಬೇಕಾ? ಹೋಗಿ ಎರಡು ಹೊರೆ ಗುಡಿಸಿ ತಾ" ಅಂದಳು. ತಮ್ಮ ಸೊಪ್ಪಿನ ಬೆಟ್ಟಕ್ಕೆ ಹೋದ. ಎಣ್ಣೆ ಬಾಟಲಿ ಕಪಾಟಿನ ಮೇಲೇ ಉಳಿಯಿತು. ಲಸಿಕೆಯೂ ಒಂದೇ ಡೋಸ್ ಆಗಿತ್ತು. ಒಂದು ಡೋಸ್‌ನಿಂದ ಏನೂ ಉಪಯೋಗವಿಲ್ಲ ಅಂತ ನಾನು ಆಮೇಲೆ ಓದಿದೆ. ಅಮ್ಮನಿಗೆ ಹೇಳಿಲ್ಲ.

ವಾರದಲ್ಲಿ ಜ್ವರ ಬಂತು, ಬಿಟ್ಟಿತು. ಹತ್ತು ದಿನ ಚೆನ್ನಾಗಿದ್ದ, ಅಡಿಕೆ ಬೇಯಿಸುವ ಕೆಲಸ ಕೂಡ ಮಾಡಿದ. ಈ ಕಾಯಿಲೆ ಕೆಲವರಿಗೆ ಹೀಗೇ, ಹೋದ ಹಾಗೆ ಮಾಡಿ ಎರಡನೇ ಸಲ ಬರುತ್ತದೆ. ಆಗ ತಲೆಗೇರುತ್ತದೆ. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಉಳಿಯುವುದಿಲ್ಲ ಅನ್ನುತ್ತಾರೆ. ಅವನು ಆ ಮೂರೋ ಐದೋ ಜನರಲ್ಲಿ ಸೇರಿದ. 26 ವರ್ಷ.

ಅಮ್ಮ ಅಳಲಿಲ್ಲ. ವೈಕುಂಠ ಸಮಾರಾಧನೆಯ ದಿನ ಬಂದವರಿಗೆಲ್ಲ ತಾನೇ ನಿಂತು ಬಡಿಸಿದಳು. ಮಾರನೇ ದಿನ ಬೆಕ್ಕನ್ನು ದೂರದ ನೆಂಟರ ಮನೆಗೆ ಕಳಿಸಿದಳು. ಆಮೇಲೆ ಕಿಟಕಿಯ ಪೇಪರು ಹೋಯಿತು, ಗರಟೆ ಹೋಯಿತು. ತೋಟದಿಂದ ಬಂದವರು ಹಿತ್ತಿಲಲ್ಲೇ ಬಟ್ಟೆ ಬದಲಿಸಬೇಕು, ಬಟ್ಟೆ ಕುದಿಯುವ ನೀರಿಗೆ ಹೋಗಬೇಕು. ಇಷ್ಟರ ಮಟ್ಟಿಗೆ ಸರಿಯೇ ಅನ್ನು. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಲೋಟಗಳು ಒಂದೇ ಕಡೆ ಮುಖ ಮಾಡಿರಬೇಕು. ದೋಸೆ ಅಂಚು ಹರಿದಿದ್ದರೆ ದನಕ್ಕೆ. ಹಾಸಿಗೆ ಮೇಲೆ ಒಂದು ಸುಕ್ಕು ಕಂಡರೆ ಪೂರ್ತಿ ಕೊಡವಿ ಮತ್ತೆ ಹಾಸಬೇಕು. ನೆಂಟರು "ಏನು ಚೊಕ್ಕ ಮನೆ!" ಅಂತ ಹೊಗಳುತ್ತಾರೆ. ರಾತ್ರಿ ಉಳಿಯುವುದಿಲ್ಲ.

ಅಪ್ಪ ಈಗ ಜಗಲಿಯಲ್ಲೇ ಇರುತ್ತಾರೆ. ಒಳಗೆ ಏನು ಮಾಡಿದರೂ ತಪ್ಪು. ನೀರು ಕುಡಿಯಬೇಕಾದರೂ ಕೂಗಿ ಕೇಳುತ್ತಾರೆ, ತಾವೇ ತಗೊಂಡರೆ ಚೊಂಬು ಎಲ್ಲಿಡಬೇಕೋ ಗೊತ್ತಾಗುವುದಿಲ್ಲವಂತೆ. ನನ್ನ ಹೆಂಡತಿ ಊರಿಗೆ ಹೊರಡುವ ಎರಡು ದಿನ ಮುಂಚಿನಿಂದ ನಿದ್ದೆ ಮಾಡುವುದಿಲ್ಲ. ಮಗಳು ಮನೆ ಮೆಟ್ಟಿಲಲ್ಲೇ ನಿಂತು ಕೂದಲು ಎತ್ತಿ ಕುತ್ತಿಗೆ ತೋರಿಸುತ್ತಾಳೆ. ಅಮ್ಮ ಹಗಲಲ್ಲೂ ಟಾರ್ಚ್ ಹಾಕಿ ಕಿವಿಯ ಹಿಂದೆ ನೋಡುತ್ತಾಳೆ. ಎಂಟು ವರ್ಷದ ಹುಡುಗಿ, ಅಜ್ಜಿ ಮನೆ ಅಂದರೆ ಹೀಗೇ ಅಂದುಕೊಂಡಿದ್ದಾಳೆ.

ತಮ್ಮನ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ. ಫೋಟೋ ಗೋಡೆ ಮೇಲೆ ಇಲ್ಲ. ಆ ಎಣ್ಣೆ ಬಾಟಲಿ ಇದೆ. ಕಪಾಟಿನ ಮೇಲೆ, ಅದೇ ಜಾಗದಲ್ಲಿ. ದಿನಾ ಬೆಳಿಗ್ಗೆ ಅದನ್ನು ಎತ್ತಿ, ಅಡಿ ಒರೆಸಿ, ಅಲ್ಲೇ ಇಡುತ್ತಾಳೆ. ಲೇಬಲ್ ಪೂರ್ತಿ ಸವೆದುಹೋಗಿದೆ. ನನಗೆ ಅನ್ನಿಸುವುದು ಇಷ್ಟೇ: ಆ ಒಂದು ದಿನವನ್ನು ಸರಿಯಾಗಿ ಮಾಡೋಕೆ ಅಮ್ಮ ಇನ್ನೂ ಹೆಣಗುತ್ತಿದ್ದಾಳೆ. ನಾವೆಲ್ಲ ಅವಳ ಜೊತೆ ಆ ದಿನದ ಕೆಲಸಕ್ಕೇ ಹೋಗಿ ಬರುತ್ತಿದ್ದೇವೆ, ಆರು ವರ್ಷದಿಂದ. ನಾನು ಆಫೀಸಿನಲ್ಲಿ ನಾಲ್ಕು ಸಾಲಿನ ಮೇಲ್ ಐದು ಸಲ ಓದಿ ಕಳಿಸುವುದೂ ಅದೇ ಕೆಲಸವೇನೋ.

ದುಃಖ ಆರು ತಿಂಗಳು ದಾಟಿಯೂ ಬದುಕನ್ನು ಹಿಡಿದು ನಿಲ್ಲಿಸಿಬಿಟ್ಟರೆ ಅದಕ್ಕೊಂದು ಹೆಸರಿದೆಯಂತೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಓದಿದಾಗ ಸ್ವಲ್ಪ ಸಮಾಧಾನ ಆಯಿತು. ಆದರೆ ಹೆಸರು ಹಿಡಿದುಕೊಂಡು ಹೋಗಿ ಅಮ್ಮನ ಮುಂದೆ ಹೇಗೆ ಇಡೋದು? ಹೆಂಡತಿ ನನಗಿಂತ ಗಟ್ಟಿ. 14416ಕ್ಕೆ, ಅದೇ ಮನಸ್ಸಿನ ಕಷ್ಟಕ್ಕೆ ಅಂತ ಸರ್ಕಾರ ಇಟ್ಟಿರುವ ಟೆಲಿಮನಸ್ ಸಹಾಯವಾಣಿಗೆ, ಫೋನ್ ಮಾಡಿ ಕನ್ನಡದಲ್ಲೇ ಎಲ್ಲ ಹೇಳಿಕೊಂಡಳು. "ಅತ್ತೆ, ನೀವೂ ಒಂದ್ಸಲ ಮಾತಾಡಿ" ಅಂತ ಫೋನ್ ಕೊಟ್ಟರೆ, "ನನಗೇನು ಹುಚ್ಚಾ?" ಅಂದಳು ಅಮ್ಮ. ಫೋನಿನ ಗಾಜು ಸೆರಗಿನಿಂದ ಒರೆಸಿ ವಾಪಸ್ ಕೊಟ್ಟಳು. ಹೆಂಡತಿ ಮಾತ್ರ ಈಗಲೂ ಆಗಾಗ ಆ ನಂಬರಿಗೆ ಮಾಡುತ್ತಾಳೆ, ತನಗೋಸ್ಕರ.

ಹೋದ ತಿಂಗಳು ಅಪ್ಪೆಮಿಡಿಗೆ, ಅದೇ ಉಪ್ಪಿನಕಾಯಿ ಹಾಕುವ ಎಳೆ ಮಾವಿನಕಾಯಿಗೆ, ಅಂತ ಊರಿಗೆ ಹೋಗಿದ್ದೆವು. ಮಿಡಿ ವಿಷಯದಲ್ಲಿ ಮಲೆನಾಡಿನವರೆಲ್ಲ ಅಮ್ಮನ ಹಾಗೇ ಅನ್ನು. ಮರ ಹತ್ತಿದವನು ತೊಟ್ಟು ಸಮೇತ ಕೊಯ್ದು, ಚೀಲ ತುಂಬಿ, ಹಗ್ಗದಲ್ಲಿ ಇಳಿಸುತ್ತಾನೆ. ನೆಲಕ್ಕೆ ಬಿದ್ದದ್ದು ಬೇಡ. ಒಳಗೆ ಪೆಟ್ಟಾಗಿರುತ್ತದೆ, ಮೆತ್ತಗಾಗಿ ಇಡೀ ಜಾಡಿ ಕೆಡಿಸುತ್ತದೆ ಅಂತ. ಹೋದ ವರ್ಷ ಒಂದು ಮಿಡಿಯಲ್ಲಿ ಕಪ್ಪು ಚುಕ್ಕೆ ಕಂಡಿತು ಅಂತ ಅಮ್ಮ ಒಂದು ಜಾಡಿ ಪೂರ್ತಿ ಗೊಬ್ಬರಗುಂಡಿಗೆ ಸುರಿದಿದ್ದಳು. ಅಪ್ಪ ಜಗಲಿಯಿಂದ ನೋಡಿ ಮುಖ ತಿರುಗಿಸಿದ್ದರು.

ಈ ಸಲ ಮಗಳೇ ಮಿಡಿ ಒರೆಸಿ ಒರೆಸಿ ಅಮ್ಮನ ಕೈಗೆ ಕೊಡುತ್ತಿದ್ದಳು. ಅಮ್ಮ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತಿದ್ದಳು. ಒಂದು ಮಿಡಿ ಮಗಳ ಕೈ ಜಾರಿ ಸಿಮೆಂಟ್ ನೆಲದ ಮೇಲೆ ಟಕ್ ಅಂತ ಬಿತ್ತು. ಅಮ್ಮ ಉಪ್ಪಿನ ಡಬ್ಬಕ್ಕೆ ಕೈ ಹಾಕಿದ್ದಳು, ಬೆನ್ನು ಈ ಕಡೆ. ಮಗಳು ನನ್ನ ಮುಖ ನೋಡಿದಳು. ಆ ನೋಟ ನಿನಗೂ ಗೊತ್ತು, ಮೊನ್ನೆ ಪೆನ್ಸಿಲ್ ಡಬ್ಬಿಯ ಹೊತ್ತಿಗೆ ಕಂಡಿದ್ದೀಯ. ನನ್ನ ಬಾಯಿಗೆ ಬೈಗುಳ ಬಂದೇಬಿಟ್ಟಿತ್ತು. ಹೇಗೋ ನುಂಗಿಕೊಂಡೆ. ಅವಳು ಮಿಡಿ ಎತ್ತಿ, ಲಂಗಕ್ಕೆ ಒರೆಸಿ, ಜಾಡಿಗೆ ಹಾಕಿದಳು. ಅಮ್ಮ ತಿರುಗಿ, ಅದರ ಮೇಲೆ ಒಂದು ಹಿಡಿ ಉಪ್ಪು ಹರಡಿದಳು. ಟಕ್ ಅಂದದ್ದು ಅವಳ ಕಿವಿಗೆ ಬಿದ್ದಿರಲಿಲ್ಲವಾ? ಅಮ್ಮನ ಕಿವಿ ಚುರುಕು.

ಜಾಡಿ ಅಟ್ಟದ ಮೇಲಿದೆ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು. ಮಳೆಗಾಲದಲ್ಲಿ ತೆಗೆಯುತ್ತೇವೆ. ನೀನೂ ಬಾ. ಎರಡು ದಿನ ಉಳಿಯೋ ಹಾಗೆ ಬಾ. ಕಾಫಿ ಲೋಟ ಎಲ್ಲಿ ಬೇಕಾದರೂ ಇಡು, ಅಮ್ಮ ಏನಂದರೂ ಸುಮ್ನೆ ಕೂತಿರು. ಆಮೇಲೆ ಅವಳ ಎದುರಿಗೆ ತಮ್ಮನ ವಿಷಯ ಎತ್ತು ಮಾರಾಯ. ಅವನಿಗೆ ಈಜು ಕಲಿಸಿದವನು ನೀನು. ನಿನಗೆ ಆಗುತ್ತೆ, ನನಗೆ ಆಗಲ್ಲ.

ಇಂತಿ ನಿನ್ನ,
ಟೀಪಾಯಿ ಒರೆಸುವವ