ಗಂಟಲು ಬೇನೆಯ ನಂತರ ವಾಲಿದ ಕತ್ತನ್ನು ತಿರುಚಬೇಡಿ

ಮಾನ್ಯ ಸಂಪಾದಕರೇ,

ನನ್ನ ಏಳು ವರ್ಷದ ಮಗಳಿಗೆ ಟಾನ್ಸಿಲ್ ಊದಿಕೊಂಡು ಬಂದ ಜ್ವರ ಇಳಿದ ನಾಲ್ಕನೆಯ ದಿನ, ಕತ್ತು ಎಡಕ್ಕೆ ವಾಲಿ, ಗದ್ದ ಬಲಕ್ಕೆ ತಿರುಗಿ ನಿಂತುಬಿಟ್ಟಿತು. ಅವಳು ಬಿದ್ದಿರಲಿಲ್ಲ, ಪೆಟ್ಟೂ ಆಗಿರಲಿಲ್ಲ. ಮಲಗಿದ್ದು ಸರಿಯಾಗದೆ ಕತ್ತು ಹಿಡಿದುಕೊಂಡಿದೆಯೆಂದು ಎರಡು ದಿನ ಎಣ್ಣೆ ಹಚ್ಚಿ ನೀವಿದೆವು. ಸಾಮಾನ್ಯ ಕತ್ತು ನೋವು ಇದರಿಂದಲೇ ಕಡಿಮೆಯಾಗುವುದರಿಂದ ಹಿರಿಯರಿಗೂ ಅನುಮಾನ ಬರಲಿಲ್ಲ. ಮೂರನೆಯ ದಿನ ಉಳುಕು ತೆಗೆಯುವವರ ಬಳಿಗೆ ಹೊರಟಿದ್ದ ನಮ್ಮನ್ನು ಮಕ್ಕಳ ವೈದ್ಯರೊಬ್ಬರು ತಡೆದು, ಸಿ.ಟಿ. ಸ್ಕ್ಯಾನ್ ಮಾಡಿಸಿದರು.

ಗಂಟಲಿನ ಹಿಂಭಾಗದ ಸೋಂಕು ಕತ್ತಿನ ಮೇಲ್ತುದಿಗೆ ಹಬ್ಬಿ, ಅಲ್ಲಿನ ಮೊದಲೆರಡು ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಸಡಿಲಗೊಂಡು, ಮೊದಲನೆಯ ಮೂಳೆ ಎರಡನೆಯದರ ಮೇಲೆ ತಿರುಗಿ ಸಿಕ್ಕಿಕೊಂಡಿತ್ತು. 1930ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯರ ಹೆಸರಿನಿಂದ ಇದಕ್ಕೆ ಗ್ರಿಸೆಲ್ ಸಿಂಡ್ರೋಮ್ ಎನ್ನುತ್ತಾರೆ. ವಿರಳವಾದ ಈ ತೊಂದರೆ ಹೆಚ್ಚಾಗಿ ಮಕ್ಕಳಲ್ಲಿ, ಟಾನ್ಸಿಲ್ ಅಥವಾ ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಶಸ್ತ್ರಚಿಕಿತ್ಸೆಯ ನಂತರವೂ ಕಾಣಿಸಿಕೊಳ್ಳುತ್ತದೆ. ಬೆನ್ನುಹುರಿ ಅದೇ ಮೂಳೆಗಳ ನಡುವೆ ಹಾದುಹೋಗುವುದರಿಂದ, ಅಂದು ಯಾರಾದರೂ ಕತ್ತನ್ನು ಬಲವಾಗಿ ತಿರುಚಿ ನೆಟಿಗೆ ತೆಗೆದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಚಿಕಿತ್ಸೆ ಬೇಗ ಆರಂಭವಾದರೆ ಕಷ್ಟದ್ದಲ್ಲ. ಸೋಂಕಿಗೆ ಆ್ಯಂಟಿಬಯೋಟಿಕ್, ನೋವಿಗೆ ಹಾಗೂ ಸ್ನಾಯುಗಳ ಬಿಗಿತಕ್ಕೆ ಮಾತ್ರೆ, ಕತ್ತಿಗೆ ಮೆತ್ತನೆಯ ಕಾಲರ್ ಕೊಟ್ಟರು. ಒಂದು ವಾರವಾದರೂ ಕತ್ತು ನೆಟ್ಟಗಾಗದಿದ್ದಾಗ ಆಸ್ಪತ್ರೆಗೆ ಸೇರಿಸಿಕೊಂಡು, ಗದ್ದಕ್ಕೆ ಪಟ್ಟಿ ಕಟ್ಟಿ, ಸ್ವಲ್ಪ ತೂಕ ಇಳಿಬಿಟ್ಟು ನಿಧಾನವಾಗಿ ಎಳೆದಿಡುವ ಟ್ರಾಕ್ಷನ್ ಹಾಕಿದರು. ಐದನೆಯ ದಿನ ಮೂಳೆ ತನ್ನ ಜಾಗಕ್ಕೆ ಮರಳಿತು. ನಂತರ ಆರು ವಾರ ಕಾಲರ್ ತೊಡಿಸಿದ್ದೆವು. ತಡವಾದಷ್ಟೂ ಮೂಳೆ ಮತ್ತೆ ಜಾರುವ ಸಾಧ್ಯತೆ ಹೆಚ್ಚುತ್ತದೆ, ಕೆಲವರಿಗೆ ಆ ಎರಡು ಮೂಳೆಗಳನ್ನು ಶಸ್ತ್ರಚಿಕಿತ್ಸೆಯಿಂದ ಬೆಸೆಯಬೇಕಾಗುತ್ತದೆ. ತಲೆ ತಿರುಗಿಸುವ ಚಲನೆಯ ಸುಮಾರು ಅರ್ಧದಷ್ಟು ಆ ಕೀಲಿನಲ್ಲೇ ನಡೆಯುವುದರಿಂದ, ಬೆಸೆದರೆ ಮಗುವಿಗೆ ಅಷ್ಟು ಚಲನೆ ಜೀವನವಿಡೀ ಇಲ್ಲವಾಗುತ್ತದೆ.

ಆದ್ದರಿಂದ ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿ ಮಕ್ಕಳನ್ನು ಮನೆಗೆ ಕಳುಹಿಸುವ ಆಸ್ಪತ್ರೆಗಳು, ಗಂಟಲು ಬೇನೆಗೆ ಔಷಧಿ ಬರೆಯುವ ವೈದ್ಯರು, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಪೋಷಕರಿಗೆ ಇಷ್ಟನ್ನು ಕನ್ನಡದಲ್ಲಿ ತಿಳಿಸಬೇಕೆಂದು ವಿನಂತಿಸುತ್ತೇನೆ: ಮುಂದಿನ ದಿನಗಳಲ್ಲಿ ಮಗುವಿನ ಕತ್ತು ವಾಲಿ, ತಿರುಗಿಸಲಾಗದಂತಾದರೆ ಅದನ್ನು ತಿರುಚದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ, ಕೈಕಾಲು ಜೋಮು ಹಿಡಿದರೆ ಅಥವಾ ಬಲ ಕುಂದಿದರೆ ಒಂದು ಗಳಿಗೆಯೂ ಕಾಯಬೇಡಿ.

— ಒಬ್ಬ ತಾಯಿ, ಶಿವಮೊಗ್ಗ ಜಿಲ್ಲೆ